ರೊಟ್ಟಿ ವಹಿಯ ಹಿಂದಿನ ಹಾಳಿಗಳು

2024 ಜೂನ್ 11, ಮಂಗಳವಾರ, ರಾತ್ರಿ

ಖಾನಾವಳಿಯವರು ಇವತ್ತು ರೊಟ್ಟಿಗೆ ಐವತ್ತು ಪೈಸೆ ಇಳಿಸಿದರು. ಆರು ಇದ್ದದ್ದು ಐದೂವರೆ. "ಮಷಿನ್ ರೊಟ್ಟಿಯವರು ಇದಕ್ಕಿಂತ ಕಡಿಮಿ ಕೊಡ್ತಾರ್ರಿ ಅಕ್ಕಾರ, ನಿಮ್ಮ ಮಾರಿ ನೋಡಿ ಇಷ್ಟು." ಒಂಬತ್ತು ವರ್ಷದ ಮಾರಿ.

ಬರುವಾಗ ಬುಟ್ಟಿ ಖಾಲಿ, ಟಿಕೆಟು ಸೊನ್ನೆ. ಶಕ್ತಿ ಯೋಜನೆಗೆ ಇವತ್ತಿಗೆ ವರ್ಷ ತುಂಬಿತು ಅಂತ ಕಂಡಕ್ಟರ್ ಯಾರಿಗೋ ಹೇಳುತ್ತಿದ್ದ. ಕಿಟಕಿ ಪಕ್ಕ ಕೂತು ಲೆಕ್ಕ ಹಾಕಿದೆ. ಆರುನೂರು ರೊಟ್ಟಿ, ಐವತ್ತು ಪೈಸೆ. ದಿನಕ್ಕೆ ಮುನ್ನೂರು. ತಿಂಗಳಿಗೆ ಒಂಬತ್ತು ಸಾವಿರ.

ಇವರಿಗೆ ಹೇಳಿಲ್ಲ. ವಹಿಯ ಮುಂದಿನಿಂದ ರೊಟ್ಟಿ ಲೆಕ್ಕ, ಹಿಂದಿನಿಂದ ಇದು. ವಹಿಯನ್ನು ಹಿಂದಿನಿಂದ ತೆಗೆದು ನೋಡುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಜೂನ್ 29, ಶನಿವಾರ

ಕೃಷಿ ಇಲಾಖೆ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಜಿಲ್ಲಾ ಸಂಪನ್ಮೂಲ ವ್ಯಕ್ತಿಯಂತೆ. ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರು. ಪ್ರಧಾನಮಂತ್ರಿಗಳ ಕಿರು ಆಹಾರ ಸಂಸ್ಕರಣೆ ಯೋಜನೆ, ನಮ್ಮಲ್ಲಿ ಕೆಪೆಕ್ ನೋಡಿಕೊಳ್ಳುತ್ತದೆ. ಕೇಂದ್ರದ್ದು ನೂರಕ್ಕೆ 35, ನಮ್ಮ ರಾಜ್ಯ ಅದರ ಮೇಲೆ 15 ಹಾಕಿ 50 ಮಾಡಿದೆ. ಹೆಚ್ಚೆಂದರೆ 15 ಲಕ್ಷದವರೆಗೆ. ಉಳಿದದ್ದು ಬ್ಯಾಂಕಿನ ಸಾಲ. ನಮ್ಮ ಕೈಯಿಂದ ನೂರಕ್ಕೆ ಹತ್ತು.

ಅತ್ತಿ ಒಳಗಿನಿಂದಲೇ ಕೇಳಿದರು: "ಅರ್ಧಾ ಸರಕಾರ ಕೊಟ್ರ, ಉಳಿದರ್ಧಾ ತೀರಿಸೋವ್ರು ಯಾರು ಅಂತ ಕೇಳ ಬೇ."

ಅವನ ಸಂಬಳ ಎಷ್ಟು ಅಂತ ನಾನು ಕೇಳಿದೆ. ಕೇಳಬಾರದಿತ್ತು. ನಕ್ಕ. ಸಂಬಳ ಇಲ್ಲವಂತೆ. ಒಂದು ಸಾಲ ಮಂಜೂರಾದರೆ 20,000, ಅದೂ ಎರಡು ಭಾಗದಲ್ಲಿ. ಮಂಜೂರಾಗದಿದ್ದರೆ ಪೆಟ್ರೋಲೂ ಅವನದೇ. ಅಂದ ಮೇಲೆ ಅವನು ನನ್ನ ಒಳ್ಳೆಯದಕ್ಕೆ ಬಂದನೋ ತನ್ನ ಒಳ್ಳೆಯದಕ್ಕೋ? ಎರಡೂ ಒಂದೇ ಇದ್ದರೆ ಚಿಂತೆ ಇಲ್ಲ.

ಜುಲೈ 8, ಸೋಮವಾರ

ರುಡ್‌ಸೆಟ್‌ನಲ್ಲಿ ಹತ್ತು ದಿನದ ತರಬೇತಿ. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ. ರೊಟ್ಟಿ ಪಟ್ಟಿಯಲ್ಲಿಲ್ಲ. ಪುಕ್ಕಟೆ, ಊಟವೂ ಅವರದೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕಿನ ಜೊತೆ ಸೇರಿ ಶುರು ಮಾಡಿದ್ದಂತೆ. ಈಗ ದೇಶದ ತುಂಬ ಇದೇ ಮಾದರಿ.

ಅಡುಗೆ ಇರಬಹುದು ಅಂತ ಹೋದರೆ ಮಧ್ಯಾಹ್ನ ಆಟ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ರಿಂಗು. ಎಲ್ಲಿ ನಿಂತು ಎಸೀಬೇಕು ಅನ್ನೋದು ನಮ್ಮ ಇಷ್ಟ. ದೂರ ನಿಂತಷ್ಟು ಅಂಕ ಹೆಚ್ಚು. ನಾನು ಹತ್ತಿರದ ಗೆರೆ ಮೇಲೆ ನಿಂತೆ. ಐದಕ್ಕೆ ಐದೂ ಬಿದ್ದವು. ಆದರೂ ಅಂಕ ಕಡಿಮೆ. ನವಲಗುಂದದ ಕಡೆಯ ಒಬ್ಬ ಹುಡುಗಿ ಗೋಡೆಗೆ ಬೆನ್ನು ಹಚ್ಚಿ ನಿಂತು ಎಸೆದಳು, ಒಂದೂ ಬೀಳಲಿಲ್ಲ. ಎಲ್ಲರೂ ನಕ್ಕೆವು. ಸರ್ ಏನೂ ಹೇಳಲಿಲ್ಲ, ಯಾರು ಎಷ್ಟು ದೂರ ನಿಂತರು ಅಂತ ಬರೆದುಕೊಂಡರು. ಅದು ಯಾಕೋ ಸಿಟ್ಟು ತರಿಸಿತು.

ಜುಲೈ 12, ಶುಕ್ರವಾರ

ನಿದ್ದೆ ಬರುತ್ತಿಲ್ಲ. ಇವತ್ತಿನ ಲೆಕ್ಕ ಇಲ್ಲಿ ಬರೆದು ಬಿಡುತ್ತೇನೆ.

ಬೋರ್ಡಿನ ಮುಂದೆ ನಿಲ್ಲಿಸಿ ನನ್ನ ರೊಟ್ಟಿ ಲೆಕ್ಕ ಬರೆಸಿದರು. ಒಂದು ರೊಟ್ಟಿಗೆ ಹಿಟ್ಟು 3 ರೂಪಾಯಿ 10 ಪೈಸೆ. ಉರುವಲು 55 ಪೈಸೆ. ಸಾಗಾಟ, ಕಟ್ಟು 20 ಪೈಸೆ. ಮೂವರು ಹೆಣ್ಣುಮಕ್ಕಳಿಗೆ ರೊಟ್ಟಿಗೆ 1 ರೂಪಾಯಿ 75 ಪೈಸೆ, ಮೂವರೂ ಸೇರಿ 450 ರೊಟ್ಟಿ. ಉಳಿದ 150 ನಾನು ಬಡಿಯುವುದು. ಆರು ರೂಪಾಯಿಯಂತೆ 3,600 ಬಂದರೆ, ಎಲ್ಲ ಕಳೆದು ಐದುನೂರು ಉಳಿಯುತ್ತದೆ. ಧೈರ್ಯವಾಗಿ ಬರೆದೆ.

"ಅಕ್ಕಾರ, ಇದರಾಗ ನಿಮ್ಮ ಪಗಾರ ಎಲ್ಲೈತ್ರಿ?"

ಗೊತ್ತಾಗಲಿಲ್ಲ. ಮತ್ತೊಮ್ಮೆ ಕೇಳಿದರು. ನಾನು ಬಡಿದ 150ಕ್ಕೆ ಕೂಲಿ ಹಿಡಿದರೆ 262 ರೂಪಾಯಿ. ಲಾಭ 240. ಈಗಿನ ಐದೂವರೆ ರೇಟಿಗೆ ದಿನಕ್ಕೆ 60 ನಷ್ಟ. ಅಂದರೆ ಜೂನ್ ಹನ್ನೊಂದರಿಂದ ನನ್ನ ಕೂಲಿ ತೆಗೆದು ಖಾನಾವಳಿಗೆ ಕೊಟ್ಟು ಬರುತ್ತಿದ್ದೇನೆ, ಬುಟ್ಟಿ ಹೊತ್ತು.

ಹಿಂದಿನ ಬೆಂಚಿನ ಹೆಂಗಸು "ಮನಿಯಾಗ ಮಾಡಿದ್ದಕ್ಕ ಯಾರರ ಪಗಾರ ಹಿಡೀತಾರೇನ್ರಿ ಸರ್" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾದ ಹೊತ್ತಿಗೆ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ.

ಆಗಸ್ಟ್ 17, ಶನಿವಾರ

ಧಾರವಾಡದ ಸಪ್ತಾಪುರದಲ್ಲಿ ಅಂಗಡಿ ಹುಡುಕಿದೆ. ಕೆ.ಎ.ಎಸ್., ಪಿ.ಎಸ್.ಐ. ಕೋಚಿಂಗಿನ ಬೋರ್ಡು ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ರಾಯಚೂರು, ಕಲಬುರಗಿ, ವಿಜಯಪುರದ ಹುಡುಗರು. ಎಲ್ಲ ರೊಟ್ಟಿ ತಿಂದು ಬೆಳೆದವರು. ಮೆಸ್ಸಿನ ಚಪಾತಿಗೆ ಬೇಸತ್ತವರು.

ಒಂದು ಸಿಕ್ಕಿತು. ಮುಂದೆ ಒಂಬತ್ತು-ಹನ್ನೆರಡು ಅಡಿ, ಹಿಂದೆ ಒಂದು ಕತ್ತಲ ಕೋಣೆ. ಬಾಡಿಗೆ ಒಂಬತ್ತು ಸಾವಿರ. ಡಿಪಾಜಿಟ್ ಒಂದು ಲಕ್ಷ. ಮಾಲಕರು ಒಳ್ಳೆಯ ಮನುಷ್ಯರೇ, ಆದರೆ ಮಾತೆಲ್ಲ ಇವರ ಕಡೆ ನೋಡಿ. "ಕರಾರು ಯಜಮಾನ್ರ ಹೆಸರಲೇ ಮಾಡೂಣಲ್ರಿ?" ಅರ್ಜಿ ನನ್ನದು, ಕರಾರು ನನ್ನ ಹೆಸರಿಗೇ ಇರಬೇಕು ಅಂತ ಹುಡುಗ ಮೊದಲೇ ಹೇಳಿದ್ದ. ಹೇಳಿದೆ. ಇವರು ಚಪ್ಪಲಿ ನೋಡುತ್ತ ನಿಂತರು.

ಡಿಪಾಜಿಟ್ ಯೋಜನೆಯಲ್ಲಿ ಬರುತ್ತದೇನಪ್ಪ ಅಂತ ಹುಡುಗನಿಗೆ ಫೋನ್ ಮಾಡಿದರೆ, "ಬ್ಯಾಂಕಿನವ್ರು ಮಷಿನಿನ ಕೊಟೇಶನ್ ನೋಡ್ತಾರ್ರಿ. ಡಿಪಾಜಿಟ್ ನೀವ ನೋಡ್ಕೋಬೇಕು."

ರಾತ್ರಿ ಲೆಕ್ಕ: ಬಾಡಿಗೆ 9,000, ಕರೆಂಟು 1,800, ಕೌಂಟರಿಗೆ ಒಬ್ಬ ಹುಡುಗಿ 7,500. ಒಟ್ಟು 18,300. ರೊಟ್ಟಿ ಒಂಬತ್ತಕ್ಕೆ ಮಾರಿದರೆ ಕೈಗೆ ಉಳಿಯೋದು 3 ರೂಪಾಯಿ 40 ಪೈಸೆ. ದಿನಕ್ಕೆ 180 ರೊಟ್ಟಿ ಹೋದರೆ ಬಾಗಿಲು ತೆಗೆದ ಖರ್ಚು ಹುಟ್ಟುತ್ತದೆ. ಬ್ಯಾಂಕಿನ ಕಂತು ಬೇರೆ. ಬಾಗಿಲು ತೆಗೆಯುವುದಕ್ಕೇ 180 ರೊಟ್ಟಿ!

ಆಗಸ್ಟ್ 22, ಗುರುವಾರ

ಉದ್ಯಮ್ ನೋಂದಣಿ ಆಯಿತು. ಸೆಂಟರಿನವನು 500 ತಗೊಂಡ. ಸಂಜೆ ಹುಡುಗ ಹೇಳಿದ, ಅದು ಪೂರ್ತಿ ಪುಕ್ಕಟೆ, ಆಧಾರ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ ಅಂತ. 500 ಅಂದರೆ ಎಷ್ಟು ರೊಟ್ಟಿ ಅಂತ ಲೆಕ್ಕ ಹಾಕಲು ಹೋಗಿ ಬಿಟ್ಟೆ. ಈ ಚಟ ಹತ್ತಿಬಿಟ್ಟಿದೆ.

ಅಕ್ಟೋಬರ್ 9, ಬುಧವಾರ

ಮೊದಲ ಬ್ಯಾಂಕಿನಲ್ಲಿ ಒಂದೂವರೆ ತಾಸು ಕೂತೆ. "ನಿಮ್ಮೂರು ನಮ್ಮ ಬ್ರಾಂಚಿಗೆ ಬರಂಗಿಲ್ಲಮ್ಮ." ಒಂದು ವಾಕ್ಯ, ಅಷ್ಟೇ. ಹುಡುಗ ಹೊರಗೆ ಬಂದು ಬೈಕಿಗೆ ಒದ್ದ. ನಾನೇ ಅವನಿಗೆ ಚಹಾ ಕುಡಿಸಿದೆ.

ಅಕ್ಟೋಬರ್ 21, ಸೋಮವಾರ

ಎರಡನೇ ಬ್ಯಾಂಕು. ಮ್ಯಾನೇಜರ್ ಹೆಣ್ಣುಮಗಳು. ಕಾಗದ ಎಲ್ಲ ಓದಿದರು. ಒಟ್ಟು 5,60,000. ಗಿರಣಿ, ಹಿಟ್ಟು ನಾದುವ ಯಂತ್ರ, ರೊಟ್ಟಿ ಯಂತ್ರ, ಪ್ಯಾಕಿಂಗ್. ನನ್ನ ಪಾಲು 56,000. ತಲೆಯಾಡಿಸಿದರು. ಆಮೇಲೆ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಸಿಬಿಲ್‌ನಲ್ಲಿ ಒಂದು ಬಾಕಿ, 6,300 ರೂಪಾಯಿ. ಸಂಘದ ಸಾಲ.

ನನಗೆ ಗೊತ್ತಿತ್ತು ಯಾವುದು ಅಂತ. ಕೆಳಗಿನೋಣಿ ಅಕ್ಕನಿಗಾಗಿ ನನ್ನ ಹೆಸರಿನಲ್ಲಿ ಎತ್ತಿದ್ದು. ಲಾಕ್‌ಡೌನ್ ವರ್ಷ ಮೂರು ಕಂತು ತಪ್ಪಿದವು. ಕೊಡುತ್ತೇನೆ ಅಂದಳು, ನಾನು ಕೇಳಲಿಲ್ಲ. ನಮ್ಮ ನಾಲ್ವರಲ್ಲಿ ಅವಳ ಕೈಯೇ ದೊಡ್ಡದು. ಹಿಟ್ಟು ಹರಿಯುವುದಿಲ್ಲ, ಅಂಚು ಸೀಳುವುದಿಲ್ಲ, ಹಪ್ಪಳದ ಹಾಗೆ ಬಡಿಯುತ್ತಾಳೆ.

ಅವಳಿಗೆ ಹೇಳಲಿಲ್ಲ. ಇವರಿಗೂ. ಕಿವಿಯ ಬೆಂಡೋಲಿ ಇಟ್ಟು ಕಟ್ಟಿ ಬಂದೆ. ಬಾಕಿ ಇಲ್ಲ ಅನ್ನುವ ಚೀಟಿ ಬರಲು ಹದಿನೈದು ದಿನವಂತೆ.

ಒಂದು ಮಾತು ತಲೆಯಲ್ಲಿ ಕೂತಿದೆ, ಹೋಗುತ್ತಿಲ್ಲ. ಯಂತ್ರ ಬಂದರೆ ಅವಳಿಗೆ ಏನು ಕೆಲಸ?

ನವೆಂಬರ್ 1, ಅಮಾವಾಸ್ಯೆ

ಸಂಜೆ ಸುಭಾಸ ರಸ್ತೆಯಲ್ಲಿ ಲಕ್ಷ್ಮೀಪೂಜೆ. ಅಂಗಡಿ ಅಂಗಡಿಗೆ ಬಾಳೆ ಕಂಬ, ಚೆಂಡುಹೂವು, ಹೊಸ ವಹಿ. ಚುರುಮುರಿ, ಪೇಡೆ. ನಾವು ಬತ್ತಿ ತರಲು ಹೋದವರು ನೋಡುತ್ತ ನಿಂತೆವು.

ಮನೆಗೆ ಬಂದು ದೇವರ ಮುಂದೆ ಅರ್ಜಿಯ ಝೆರಾಕ್ಸ್ ಇಟ್ಟೆ. ಅತ್ತಿ ಅದಕ್ಕೂ ಕುಂಕುಮ ಹಚ್ಚಿದರು. ಸರಿಯಾಗಿ ಖಾತೆ ನಂಬರಿನ ಮೇಲೆ.

ನವೆಂಬರ್ 28, ಗುರುವಾರ

ಮಂಜೂರು.

ಹುಡುಗ ಫೋನಿನಲ್ಲಿ ಕೂಗಿದ. ನಾನು ಹಂಚಿನ ಮುಂದೆ ಇದ್ದೆ. ಒಂದು ರೊಟ್ಟಿ ಹೊತ್ತಿತು.

ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಕೇಳಿದ ಮೇಲೆ ತಿಳಿದದ್ದು: ಸಬ್ಸಿಡಿ 2,80,000 ಬರುತ್ತದೆ, ಆದರೆ ಕೈಗಲ್ಲ. ನನ್ನ ಸಾಲದ ಪಕ್ಕ ಇನ್ನೊಂದು ಖಾತೆಯಲ್ಲಿ ಮೂರು ವರ್ಷ ಕೂರುತ್ತದೆ. ಅಷ್ಟಕ್ಕೆ ಬಡ್ಡಿ ಹತ್ತುವುದಿಲ್ಲ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಯಂತ್ರ ಓಡುತ್ತಿದ್ದರೆ ಸಾಲಕ್ಕೆ ಜಮಾ. ಅತ್ತಿಗೆ ಹೇಳಿದೆ. "ಮದುವ್ಯಾಗ ಹಾಕಿದ ಬಂಗಾರ ಅತ್ತೀ ಪೆಟಗ್ಯಾಗ ಇರತಿತ್ತಲ್ಲ, ಹಂಗ" ಅಂದರು. ಅವರ ಅತ್ತೆಯ ಕಥೆ ಅದು. ನನ್ನ ಬಂಗಾರ ಅವರು ಎಂದೂ ಮುಟ್ಟಿಲ್ಲ.

ಡಿಸೆಂಬರ್ 15, ಭಾನುವಾರ

ಡಿಪಾಜಿಟ್ ಕೊಟ್ಟೆ. ಯಾವ ಯಾವ ಕೈಯಿಂದ ಬಂತು ಅಂತ ಬರೆದಿಡಬೇಕು, ಮರೆಯಬಾರದು. ಚೀಟಿ ಎತ್ತಿದ್ದು 45,000, ತಳ್ಳಿದ್ದು ಹೋಗಿ. ಇವರು ಆಟೋದ ಟಯರಿಗೆ ಇಟ್ಟಿದ್ದ 16,000. ತಮ್ಮ 15,000, ಹೆಂಡತಿಗೆ ಹೇಳಬೇಡ ಅಂತ. ಉಳಿದ 24,000 ಅತ್ತಿ. ಇಳಕಲ್ ಸೀರೆಯ ಮಡಿಕೆಯಿಂದ ತೆಗೆದು ಕೊಟ್ಟರು. ಗೃಹಲಕ್ಷ್ಮಿಯದು, ತಿಂಗಳಿಗೆ ಎರಡು ಸಾವಿರದಂತೆ ಬಂದದ್ದು. ಕನ್ನಡಕ ಮಾಡಿಸಿಕೊಂಡದ್ದು ಬಿಟ್ಟರೆ ಒಂದು ರೂಪಾಯಿ ಮುರಿದಿರಲಿಲ್ಲ. "ಇದಕ್ಕ ಬಡ್ಡಿ ಹತ್ತತೈತಿ ಮತ್ತ" ಅಂದರು. ಏನು ಬಡ್ಡಿ ಅಂದೆ. "ದಿನಾ ಎರಡು ಮೆತ್ತನ್ನ ರೊಟ್ಟಿ. ಅಂಗಡ್ಯಾಗ ಕುಂತು ನನ್ನ ಮರತೀ."

ನನ್ನ ಪಾಲಿನ 56,000ಕ್ಕೆ ಬಳೆ ಇಟ್ಟೆ. ಅದು ಬೇರೆ ಲೆಕ್ಕ.

2025 ಜನವರಿ 6, ಸೋಮವಾರ

ಬೋರ್ಡು ಬರೆಯುವವ ಬಂದಿದ್ದ. ನೂರಕ್ಕೆ 60 ಕನ್ನಡ ಇರಲೇಬೇಕು, ಅದೂ ಮೇಲಿನ ಅರ್ಧದಲ್ಲಿ, ಹೋದ ವರ್ಷದಿಂದ ಕಾನೂನು ಅಂದ. ನಾನು ನೂರಕ್ಕೆ ನೂರು ಬರಿ ಅಂದೆ. ಇಂಗ್ಲಿಷಿನಲ್ಲಿ ರೊಟ್ಟಿಗೆ ಯಾವ ಅಕ್ಷರ ಅಂತ ಅವನಿಗೂ ಖಾತ್ರಿ ಇರಲಿಲ್ಲ.

ಪಾಲಿಕೆಯ ಪರವಾನಗಿ ಬಂತು. ಆಹಾರ ನೋಂದಣಿ ಬಂತು: ವರ್ಷಕ್ಕೆ ನೂರು ರೂಪಾಯಿ, ಹದಿನಾಲ್ಕು ಅಂಕಿಯ ನಂಬರು. ಈ ಸಲ ಸೆಂಟರಿಗೆ ಹೋಗಲಿಲ್ಲ. ಮಗಳು ಮೊಬೈಲಿನಲ್ಲಿ ಮಾಡಿದಳು.

ಜನವರಿ 16, ಗುರುವಾರ

ಭೋಗಿಗೆ ಸಜ್ಜೆ ರೊಟ್ಟಿ ಎಳ್ಳು ಹಚ್ಚಿ ಮಾಡಿದ್ದು ಮನೆಯಿಂದಲೇ ಸಾವಿರದ ಮೇಲೆ ಹೋಯಿತು. ಮೈ ನೋವು ಇನ್ನೂ ಇಳಿದಿಲ್ಲ.

ಲೇಬಲ್ ಮೇಲೆ ಎಷ್ಟು ದಿನ ಇರುತ್ತದೆ ಅಂತ ಹಾಕಬೇಕು. ಖಡಕ್ ರೊಟ್ಟಿ ಎಷ್ಟು ದಿನ ಇರುತ್ತದೆ? ನಮ್ಮಲ್ಲಿ ಯಾರೂ ಎಣಿಸಿಲ್ಲ, ಮುಗಿಯುವ ತನಕ ಇರುತ್ತದೆ. ತರಬೇತಿಯ ಸರ್ ಹೇಳಿದ ಹಾಗೆ ಇವತ್ತು ಹತ್ತು ಪ್ಯಾಕೆಟ್ ತೇದಿ ಬರೆದು ಟ್ರಂಕಿನಲ್ಲಿಟ್ಟೆ. ಆಗಾಗ ಒಂದೊಂದು ಒಡೆದು ನೋಡಬೇಕು.

ಫೆಬ್ರವರಿ 4, ರಥಸಪ್ತಮಿ

ಬಾಗಿಲು ತೆಗೆದೆವು.

ಯಂತ್ರ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿದೆ. ಮೂರು ಫೇಜ್ ಕರೆಂಟು ಇನ್ನೂ ಬಂದಿಲ್ಲ. ನಾಲ್ವರೂ ಬೆಳಿಗ್ಗೆ ಆರರ ಬಸ್ಸಿಗೆ ಬಂದು ಹಂಚು ಹೊತ್ತಿಸಿದೆವು. ಒಳಗೆ ಹೊಗೆ ತಡೆಯಲಿಲ್ಲ ಅಂತ ಕೆಳಗಿನೋಣಿ ಅಕ್ಕ ತನ್ನ ಪರಾತ ಎತ್ತಿಕೊಂಡು ಮುಂದೆ ಬಾಗಿಲ ಬಳಿ ಕೂತಳು. ಹತ್ತು ಗಂಟೆಗೆ ಕ್ಲಾಸ್ ಬಿಟ್ಟಿತು. ಬಡಿಯುವ ಸದ್ದಿಗೆ ಹುಡುಗರು ನಿಂತರು. ಒಬ್ಬ ಸಿಂಧನೂರಿನವ ಸುಮ್ಮನೆ ನೋಡುತ್ತಲೇ ನಿಂತ. "ನಮ್ಮವ್ವನೂ ಹಿಂಗ ಎಡಗೈ ಊರಿ ಬಡೀತಾಳ್ರಿ" ಅಂದ. ಮೂರು ತಗೊಂಡ, ಶೇಂಗಾ ಚಟ್ನಿ ಜೊತೆ. ಅಲ್ಲೇ ನಿಂತು ತಿಂದ.

212 ರೊಟ್ಟಿ.

ಸಂಪನ್ಮೂಲದ ಹುಡುಗ ಫೋಟೋ ತೆಗೆದ, ಕಚೇರಿಗೆ ಕಳಿಸಲು. ಅಕ್ಕನನ್ನು ಬಿಟ್ಟು ಯಂತ್ರದ ಪಕ್ಕ ನನ್ನನ್ನು ನಿಲ್ಲಿಸಿ ತೆಗೆದ. ಪ್ಲಾಸ್ಟಿಕ್ ಸರಿಸಿ.

ಫೆಬ್ರವರಿ 13, ಗುರುವಾರ

ಅಕ್ಕ ಮೂರು ದಿನದಿಂದ ಇಲ್ಲ. ಮನೆಗೆ ಕೀಲಿ. ವಸೂಲಿಯವರು ಬಾಗಿಲಲ್ಲಿ ಕೂರುತ್ತಾರೆ ಅಂತ ತವರಿಗೆ ಹೋಗಿದ್ದಾಳೆ. ಪೇಪರಿನಲ್ಲಿ ಇವತ್ತು ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆಗೆ ರಾಜ್ಯಪಾಲರ ಸಹಿ ಬಿದ್ದ ಸುದ್ದಿ. ಓದಿ ಹೇಳೋಣವೆಂದರೆ ಅವಳ ಫೋನು ಬಂದ್.

ನನಗೆ ಸಿಕ್ಕ ಸಾಲಕ್ಕೂ ಅವಳ ಸಾಲಕ್ಕೂ ಏನು ವ್ಯತ್ಯಾಸ? ನನಗೆ ಒಬ್ಬ ಹುಡುಗ ಐದು ತಿಂಗಳು ಬೈಕಿನಲ್ಲಿ ತಿರುಗಿದ. ಅವಳಿಗೆ ಅರ್ಧ ತಾಸಿನಲ್ಲಿ ಕಟ್ಟೆಯ ಮೇಲೆ ಕೂತು ಕೊಟ್ಟು ಹೋದರು.

ಇವತ್ತು 96.

ಮಾರ್ಚ್ 11, ಮಂಗಳವಾರ

ಕರೆಂಟು ಬಂತು. ಯಂತ್ರದವರು ಬಂದು ಓಡಿಸಿ ತೋರಿಸಿದರು. ಒಂದೇ ಅಳತೆ, ಒಂದೇ ದಪ್ಪ, ನಾಣ್ಯದ ಹಾಗೆ ಬೀಳುತ್ತವೆ. ಗಿರಣಿಯಂತೂ ವರವೇ, ಹಿಟ್ಟಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು. ನಾದುವ ಯಂತ್ರವೂ. ನನ್ನ ರಟ್ಟೆ ಕೇಳಿದರೆ ಅದಕ್ಕೇ ಮೊದಲು ಪೂಜೆ. ರೊಟ್ಟಿ ಯಂತ್ರದ ಬಗ್ಗೆ ಮಾತ್ರ ಏನು ಬರೆಯಬೇಕೋ ತಿಳಿಯದು. ತಿಂದರೆ ರೊಟ್ಟಿಯೇ. ಆದರೂ.

ಅಕ್ಕ ಬಂದಿದ್ದಾಳೆ. ಯಂತ್ರದ ಮುಂದೆ ಬಹಳ ಹೊತ್ತು ನಿಂತಳು. "ಚೊಲೋ ಐತಿ" ಅಂದಳು. ಹೋಗಿ ಬಾಗಿಲ ಬಳಿ ಕೂತಳು. ಮುಂಗಡ ಕೇಳಿದಳು, ಮೂರು ಸಾವಿರ ಕೊಟ್ಟೆ. ಹಳೆಯ 6,300ರ ಮಾತು ಬಾಯಿಗೆ ಬಂದದ್ದು ನುಂಗಿದೆ.

ಈ ತಿಂಗಳಿಗೆ ಯೋಜನೆ ಮುಗಿಯುತ್ತದೆ ಅಂತ ಸುದ್ದಿ. ಇಬ್ಬರು ಹೆಂಗಸರು ಗರಗದ ಕಡೆಯಿಂದ ಕೇಳಿಕೊಂಡು ಬಂದರು. ಹೆಂಗ ಮಾಡಿದ್ರಿ ಅಂತ. ಹುಡುಗನ ನಂಬರು ಕೊಟ್ಟೆ. ಸಂಘದ ಬಾಕಿ ಇದ್ದರೆ ಮೊದಲು ಕಟ್ಟಿಕೊಳ್ಳಿ ಅಂದೆ. ಉದ್ಯಮ್‌ಗೆ ದುಡ್ಡು ಕೊಡಬೇಡಿ ಅಂದೆ. ಡಿಪಾಜಿಟ್ಟಿಗೆ ಏನು ಮಾಡಿದ್ರಿ ಅಂದರು. ಅತ್ತಿ ಇದ್ದಾರೇನು ಮನೆಯಲ್ಲಿ ಅಂತ ಕೇಳಿದೆ. ಚೇಷ್ಟೆ ಅಂತ ತಿಳಿದರು.

ಮಾರ್ಚ್ 30, ಯುಗಾದಿ

ಸಪ್ತಾಪುರ ಖಾಲಿ. ಹುಡುಗರೆಲ್ಲ ಊರಿಗೆ. ನಿನ್ನೆ 61, ಇವತ್ತು ಬಾಗಿಲು ತೆಗೆಯಲಿಲ್ಲ. ಬೇವು-ಬೆಲ್ಲ ತಿನ್ನುವಾಗಲೂ 180 ಅನ್ನುವ ಅಂಕಿ ನೆತ್ತಿಯಲ್ಲಿ. ಖಾನಾವಳಿಯವರಿಗೆ ಫೋನ್ ಮಾಡಿದೆ. ಐದೂವರೆಗೆ ಇನ್ನೂರು ಕೊಡುತ್ತೇನೆ, ಯಂತ್ರದ್ದು ಅಂದೆ. "ಕೈದು ಇಲ್ಲೇನ್ರಿ?" ಅಂದರು. ನಗು ಬಂತು. ಕೈದು ಏಳು ಅಂದೆ. ನೋಡೂಣ ಅಂದರು.

ಏಪ್ರಿಲ್ 16, ಬುಧವಾರ

ಮೊದಲ ಕಂತು ಹೋಯಿತು. ಮೆಸೇಜು ಬೆಳಿಗ್ಗೆ 4:12ಕ್ಕೆ. ನನಗಿಂತ ಮೊದಲು ಎದ್ದಿದೆ.

ಕೌಂಟರಿನಲ್ಲಿ ಈಗ ಎರಡು ಅಟ್ಟಿ. ಕೈ ರೊಟ್ಟಿ ಒಂಬತ್ತು, ಯಂತ್ರದ್ದು ಏಳು. ತಿಂಗಳ ಕೊನೆಗೆ ಹುಡುಗರು ಏಳರ ಕಡೆ, ಮನೆಯಿಂದ ದುಡ್ಡು ಬಂದ ವಾರ ಒಂಬತ್ತರ ಕಡೆ. ಬ್ಯಾಂಕಿನವರು ನೋಡಲು ಬಂದಿದ್ದರು, ಯಂತ್ರ ಓಡುತ್ತಿತ್ತು, ಸಹಿ ಮಾಡಿ ಹೋದರು. ಹೋಗುವಾಗ ಮೇಡಂ ಅಕ್ಕನ ಮುಂದೆ ನಿಂತು ಕೈ ರೊಟ್ಟಿ ಇಪ್ಪತ್ತು ಕಟ್ಟಿಸಿಕೊಂಡರು.

ಜನವರಿ ಹದಿನಾರರ ಕೊನೆಯ ಪ್ಯಾಕೆಟ್ ಇವತ್ತಿಗೆ 90 ದಿನ. ಒಡೆದೆ. ಕಟಕ್ ಅಂತ ಮುರಿಯಿತು. ಅಂಚಿನಲ್ಲಿ ಸ್ವಲ್ಪ ಮುಗ್ಗಲು ವಾಸನೆ. ಅತ್ತಿ ಇಲ್ಲ ಅಂದರು, ಮಗಳು ಇಲ್ಲ ಅಂದಳು. ನನಗೆ ಇದೆ ಅನಿಸಿತು. ಲೇಬಲ್ ಮೇಲೆ 60 ದಿನ ಅಂತಲೇ ಇರಲಿ.

ಅಕ್ಕ ಸಂಜೆ ಹೇಳದೆ ಹೋಗಿದ್ದಾಳೆ, ಫೋನು ಮತ್ತೆ ಬಂದ್. ನಾಳೆ ಬರದಿದ್ದರೆ ಬಾಗಿಲ ಬಳಿ ನಾನೇ ಕೂರಬೇಕು. ಎಸರಿಗೆ ಇಡುವ ದೊಡ್ಡ ಬೋಗುಣಿ ತೂತು ಬಿದ್ದಿದೆ, ಕಲಾಯಿಯವನು ಗುರುವಾರ ಬರುತ್ತಾನೋ ಶುಕ್ರವಾರವೋ.